ಅಂತರಗಂಗೆಯ ಮೇಲೆ ಎಣ್ಣೆ

ಮೂರು ವರ್ಷಗಳ ಹಿಂದಿನ ಸೆಪ್ಟೆಂಬರ್. ಆಗ ನಾನು ನೋಯ್ಡಾದ ಅಪಾರ್ಟ್‌ಮೆಂಟುಗಳಲ್ಲಿ ಮನೆ ಅಕ್ವೇರಿಯಂಗಳನ್ನು ನೋಡಿಕೊಳ್ಳುತ್ತಿದ್ದೆ. ನೆಲಮಹಡಿಯಲ್ಲಿದ್ದ ಶುಭಾ ಎಂಬ ಕನ್ನಡಿತಿಯ ಬಾಲ್ಕನಿಯಲ್ಲಿ, ಎರಡಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಅಂತರಗಂಗೆ ಬೆಳೆಸಿದ್ದೆ. ತೇಲುವ ಈ ಗಿಡಕ್ಕೆ ಬೆಳಕು ಬೇಕು. ಎಲೆಯ ಮೇಲೆ ನೀರು ಬೀಳುತ್ತಲೇ ಇದ್ದರೆ ಕೊಳೆಯುತ್ತದೆ. ಅದಕ್ಕೇ ಫಿಲ್ಟರ್‌ನ ಹರಿವನ್ನು ನೀರು ಅಲುಗದಷ್ಟು ತಗ್ಗಿಸಿದ್ದೆ. ಎಲೆಗಳಡಿ ಗಂಡು ಗೌರಾಮಿ ಮೀನು ನೊರೆಯ ಗೂಡು ಕಟ್ಟಿ ಮೊಟ್ಟೆ ಕಾಯುತ್ತಿತ್ತು. ಶುಭಾ ಅವರ ಹತ್ತು ವರ್ಷದ ಮಗಳು ಅನನ್ಯಾ ಶಾಲೆಯಿಂದ ಬಂದೊಡನೆ ಅದರ ಮುಂದೆ ಕೂರುತ್ತಿದ್ದಳು.

ಅದು ಡೆಂಗಿ ಕಾಲ. ಗಾಳಿ ತಂಪು ಮಾಡುವ ಕೂಲರ್‌ನಲ್ಲಿ ನಿಂತ ನೀರಿಗೆ ಎಣ್ಣೆ ಸುರಿದು ಸೊಳ್ಳೆಮರಿಗಳ ಉಸಿರುಗಟ್ಟಿಸುವುದು ಇಲ್ಲಿನ ರೂಢಿ. ಒಂದು ಭಾನುವಾರ ಬೆಳಿಗ್ಗೆ ಸೊಸೈಟಿಯ ಕಾರ್ಯದರ್ಶಿ, ನಿವೃತ್ತ ಅಧಿಕಾರಿ, ಎಣ್ಣೆಯ ಬಾಟಲಿ ಹಿಡಿದು ಸುತ್ತು ಹೊರಟರು. ಗಿಡ ಕಂಡಿತು, ಅಲುಗದ ನೀರು ಕಂಡಿತು. ಬಾಲ್ಕನಿಯ ಹೊರಗಿನಿಂದಲೇ ಕೈಚಾಚಿ ಸುರಿದರು. ಗಾಜಿನೊಳಗೆ ಇಣುಕಲು ಬೇಕಾದಷ್ಟೂ ಆ ಮಹಾಶಯರ ಬೆನ್ನು ಬಾಗಲಿಲ್ಲ.

ಶುಭಾ ಫೋನ್ ಮಾಡಿದ ಇಪ್ಪತ್ತು ನಿಮಿಷಕ್ಕೆ ನಾನು ಅಲ್ಲಿದ್ದೆ. ಗೌರಾಮಿ ಮೇಲೆ ಬಂದು ಗಾಳಿ ಗುಟುಕರಿಸಿ ಬದುಕುವ ಮೀನು. ಎಣ್ಣೆಯ ಪದರವೆಂದರೆ ಅದಕ್ಕೆ ಮುಚ್ಚಿದ ಬಾಗಿಲು. ಜೊತೆಗಿದ್ದ ಹೆಣ್ಣು ಮೀನನ್ನು ಬಲೆಯಲ್ಲಿ ಹಿಡಿದು ಬಕೆಟ್ಟಿನ ನೀರಿಗೆ ಬಿಟ್ಟೆ. ಎಣ್ಣೆ ಹೀರಲು ನೀರಿನ ಮೇಲೆ ನ್ಯೂಸ್‌ಪೇಪರ್ ಹಾಸಿದೆ. ಗೂಡಿನ ಗುಳ್ಳೆಗಳೊಡೆದು ಮೊಟ್ಟೆಗಳು ಉದುರುತ್ತಿದ್ದವು. ಗಂಡು ಅವನ್ನು ಬಾಯಲ್ಲೆತ್ತಿ ಮೇಲಕ್ಕೊಯ್ದು, ಅದೇ ಎಣ್ಣೆಯೊಳಗೆ ಉಗುಳುತ್ತಿತ್ತು. ಮತ್ತೆ ಇಳಿಯುತ್ತಿತ್ತು. ಬಲೆ ಕಂಡರೆ ಬೇರುಗಳೊಳಗೆ ನುಸುಳುತ್ತಿತ್ತು.

“ಅಂಕಲ್, ಉಸೇ ನಿಕಾಲೋ ನಾ, ಹೊರಗೆ ತೆಗೀರಿ! ಅವನು ಬರ್ತಾನೇ ಇಲ್ಲ!” ಅನನ್ಯಾ ನನ್ನ ತೋಳು ಎಳೆಯುತ್ತಿದ್ದಳು.

ಮೂರನೆಯ ಸಲ ಸಿಕ್ಕಿತು. ಬಕೆಟ್ಟಿನಲ್ಲಿ ಹನ್ನೊಂದು ನಿಮಿಷ ಬದುಕಿತ್ತು.

ಕಾರ್ಯದರ್ಶಿಯನ್ನು ಶುಭಾ ಕರೆಸಿದರು. “ನಿಂತ ನೀರು ಅಂದ್ರೆ ನಿಂತ ನೀರು,” ಎಂದರು ಕಾರ್ಯದರ್ಶಿ ಹಿಂದಿಯಲ್ಲಿ. “ಕೂಲರಿಗೊಂದು, ಮೀನಿಗೊಂದು ನಿಯಮ ಮಾಡೋಕಾಗುತ್ತಾ?”

“ಸೊಳ್ಳೆಮರಿ ತಿನ್ನೋದೇ ಈ ಮೀನು, ಸಾಹೇಬ್ರೇ,” ಎಂದರು ಶುಭಾ. “ಕಳ್ಳನ್ನ ಹಿಡಿಯೋಕೆ ಬಂದು ಕಾವಲುಗಾರನ್ನ ಕೊಂದ್ರಿ. ಶಹಭಾಸ್!”

“ಅಚ್ಛಾ, ಚಲೋ, ಇನ್ನೊಂದು ತಂದುಕೊಡ್ತೀನಿ. ಬಣ್ಣದ್ದು.” ಎಣ್ಣೆ ಹಾಕಿ ಮುಗಿದ ಮನೆಗಳ ಪಟ್ಟಿಯಲ್ಲಿ ಆ ಫ್ಲ್ಯಾಟಿನ ಎದುರು ಗೀಟು ಹಾಕಿಕೊಂಡು ಹೋದರು.

ಆ ಮನುಷ್ಯನ ಬಗೆಗಿನ ನನ್ನ ತಾತ್ಸಾರ ಇಂದಿಗೂ ಇಳಿದಿಲ್ಲ. ಆದರೆ ತಪ್ಪಿನಲ್ಲಿ ನನ್ನ ಪಾಲೂ ಇತ್ತು. ಬೆಳಕು ನೋಡಿದ್ದೆ, ಹರಿವು ನೋಡಿದ್ದೆ. ತೊಟ್ಟಿಗೆ ಯಾರ ಕೈ ಎಟುಕುತ್ತದೆಂದು ನೋಡಿರಲಿಲ್ಲ. ಈಗ ಗಿಡ ಬಿಡುವ ಮೊದಲು ಅದನ್ನೇ ನೋಡುತ್ತೇನೆ.