ಬೀ ಮೀಝೆಯ ಜಗಳಗಂಟಿ ಸೂಕ್ಷ್ಮಾಣು

ಊರವರು ಗೌರವದಿಂದ ‘ಬೀ’ ಎನ್ನುವ ಮೀಝೆ ಕಡಲ ಮಗ್ಗುಲಲ್ಲೇ ಹುಟ್ಟಿ ಬೆಳೆದವಳಾದರೂ ಈಜು ಕಲಿತದ್ದು ನಲವತ್ತಮೂರನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅವಳು ಬೆಳೆಯುತ್ತಿದ್ದದ್ದು ಕಡಲಪಾಚಿ. ಅದಕ್ಕೆ ಮೊಣಕಾಲುದ್ದ ನೀರು ಸಾಕು. ನೀರು ಬಿಸಿಯಾಗಿ ಪಾಚಿ ಕೊಳೆಯತೊಡಗಿದ ಮೇಲೆ ಉಂಗುಜಾ ದ್ವೀಪದ ಪೂರ್ವ ತೀರದ ಕೆಲವು ಹೆಂಗಸರು ಸ್ಪಂಜಿನ ಬೇಸಾಯಕ್ಕೆ ಇಳಿದರು. ಮೈ ಉಜ್ಜಲು ಬಳಸುವ ಸ್ಪಂಜು ಕಡಲ ಜೀವಿ, ಅದಕ್ಕೆ ಆಳದ ನೀರು ಬೇಕು. ತುಂಡುಗಳನ್ನು ಹಗ್ಗಕ್ಕೆ ಪೋಣಿಸಿ ಕಟ್ಟಬೇಕು, ಆಗಾಗ ಮುಳುಗಿ ತೊಳೆಯಬೇಕು. ತಾನು ಈಜು ಕಲಿತ ಮೊದಲ ದಿನ ಕುಡಿದ ಉಪ್ಪುನೀರಿಗೆ ಅವತ್ತು ಇಳಿತವೇ ಒಂದು ಗಂಟೆ ಮುಂಚೆ ಬಂತೆಂದು ಮೀಝೆ ಈಗಲೂ ಹೇಳಿಕೊಂಡು ನಗುತ್ತಾಳೆ. ಒಮ್ಮೆ ನಗಲು ಶುರುಮಾಡಿದರೆ ಕೂತಲ್ಲಿಂದ ಬೀಳುವವರೆಗೂ ಅವಳದು ನಿಲ್ಲುವುದಿಲ್ಲ.

ಅವಳ ಹಗ್ಗದ ಪಕ್ಕದ ಹಗ್ಗ ಪಿಲಿಯದು. ಪಿಲಿ ಎಂದರೆ ತೀರಿಹೋದ ಗಂಡನ ತಂಗಿ. ಇಬ್ಬರೂ ಒಬ್ಬರನ್ನೊಬ್ಬರು ಕರೆಯುವುದು ‘ವೀಫಿ’ ಎಂದು. ಅತ್ತಿಗೆ ನಾದಿನಿ ಎರಡಕ್ಕೂ ಅಲ್ಲಿ ಅದೊಂದೇ ಮಾತು, ಆದ್ದರಿಂದ ಯಾರು ಹೆಚ್ಚು ಎಂಬುದು ಇಪ್ಪತ್ತೆಂಟು ವರ್ಷವಾದರೂ ತೀರ್ಮಾನವಾಗಿರಲಿಲ್ಲ.

ಆ ವರ್ಷ ಪಿಲಿಯ ಸ್ಪಂಜುಗಳಿಗೆ ಬಿಳಿ ಕೊಳೆ ಹತ್ತಿತು. ಮುಟ್ಟಿದರೆ ನೆನೆಸಿದ ರೊಟ್ಟಿಯ ಹಾಗೆ ಉದುರುತ್ತಿದ್ದವು. ಮೀಝೆಯ ಹಗ್ಗದ ಒಂದು ತುದಿಯೂ ಹೋಯಿತು, ಆದರೆ ಇನ್ನೊಂದು ತುದಿಯ ಹತ್ತು ಹನ್ನೆರಡು ತುಂಡುಗಳು ಮದುಮಗಳ ಕೆನ್ನೆಯಂತೆ ಹೊಳೆಯುತ್ತಲೇ ಇದ್ದವು.

“ನಿನ್ನ ಕಣ್ಣೇ ಬಿದ್ದಿರೋದು ವೀಫಿ, ಇನ್ನೇನು!” ಎಂದು ಪಿಲಿ ನೀರಿನ ನಡುವೆಯೇ ಕೂಗಿದಳು.

“ನನ್ನ ಕಣ್ಣಿಗೆ ಕನ್ನಡಕ ಇಲ್ದೆ ನಿನ್ನ ಹಗ್ಗವೇ ಕಾಣಲ್ಲ, ಬೀಳೋದೆಲ್ಲಿಂದ?” ಎಂದು ಮೀಝೆ ಮುಳುಗಿಬಿಟ್ಟಳು.

ಮುಳುಗಿದಾಗ ಕಂಡಿತು. ಆ ತುದಿಯಲ್ಲಿ ತಾನಾಗಿ ಬಂದು ಅಂಟಿಕೊಂಡಿದ್ದ ಒಂದು ಕಾಡು ಸ್ಪಂಜು ಇತ್ತು. ಇಟ್ಟಿಗೆ ಬಣ್ಣ, ಗಂಟು ಗಂಟು ಮೈ, ಮಾರಲು ಬರುವುದಲ್ಲ. ಕಿತ್ತೆಸೆಯಬೇಕೆಂದು ಎರಡು ತಿಂಗಳಿಂದ ಅಂದುಕೊಳ್ಳುತ್ತ ಸೋಮಾರಿತನಕ್ಕೆ ಬಿಟ್ಟಿದ್ದಳು. ಕೊಳೆ ನಿಂತಿದ್ದು ಸರಿಯಾಗಿ ಅದರ ನೆರೆಯಲ್ಲಿ.

ಅದೇ ವಾರ ಪಟ್ಟಣದ ಪ್ರಯೋಗಾಲಯದಿಂದ ಅಲ್ಲಿಯವರು ದಕ್ತಾರಿ ಎನ್ನುವ ಡಾಕ್ಟರು ಝುವೇನ ಬಂದಳು. ಔಷಧಕ್ಕೆ ಬಗ್ಗದ ರೋಗಾಣುಗಳನ್ನು ಕೊಲ್ಲುವಂಥದ್ದೇನಾದರೂ ಕಡಲ ಸೂಕ್ಷ್ಮಾಣುಗಳಲ್ಲಿ ಸಿಗುತ್ತದೆಯೇ ಎಂದು ಆರು ವರ್ಷದಿಂದ ಕೆಸರು, ಚಿಪ್ಪು, ಸ್ಪಂಜು ಹೆಕ್ಕುತ್ತಿದ್ದವಳು. ಆ ಮಾತು ಕೇಳಿ ಮೀಝೆಯ ಕಿವಿ ನಿಮಿರಿತು. ಹಿಂದಿನ ವರ್ಷ ಮಗಳು ಸಿತಿಯ ಹೆರಿಗೆಯ ಹೊಲಿಗೆ ಕೀವಾಗಿ, ನಾಲ್ಕು ಔಷಧ ಸೋತು, ಐದನೆಯದು ದೇವರ ದಯೆಯಿಂದ ನಾಟಿತ್ತು. ಆ ಐದು ವಾರ ಮೀಝೆ ನಕ್ಕಿರಲಿಲ್ಲ. ಕಾಡು ಸ್ಪಂಜಿನ ತುಂಡನ್ನೂ ಪಿಲಿಯ ಕೊಳೆತ ತುಂಡನ್ನೂ ಕೊಯ್ದು, ಎರಡನ್ನೂ ಝುವೇನಳ ಕೈಗಿಟ್ಟಳು.

“ಇವನ ಹತ್ರ ಏನೋ ಇದೆ ಮಗಳೇ. ಇವನ ಪಕ್ಕ ಯಾರೂ ಕೊಳೀತಿಲ್ಲ.”

ಒಂದೂವರೆ ತಿಂಗಳಿಗೆ ಫೋನು ಬಂತು. ಆಸ್ಪತ್ರೆಯ ರೋಗಾಣುಗಳನ್ನು ಹರಡಿದ ಗಾಜಿನ ತಟ್ಟೆಯ ಮೇಲೆ ಆ ಕಾಡು ಸ್ಪಂಜನ್ನು ಅರೆದಿಟ್ಟರೆ, ಅದರ ಸುತ್ತ ಒಂದು ರೋಗಾಣುವೂ ಉಳಿಯದೆ ಉಂಗುರದಂತೆ ತಿಳಿಯಾಗಿದೆಯಂತೆ! ಮೀಝೆ ಫೋನನ್ನು ಹಿಟ್ಟಿನ ಪಾತ್ರೆಗೆ ಬೀಳಿಸಿ ಬೀದಿಗೆ ಓಡಿದಳು. ಸಂಜೆಯೊಳಗೆ ಊರಿಗೆ ಊರೇ ಅವಳನ್ನು ‘ಹುಳದ ತಾಯಿ’ ಎಂದು ಕರೆಯತೊಡಗಿತು.

ಮರುವಾರ ಹೂಬಳ್ಳಿ ಅಚ್ಚಿನ ಹೊಸ ಕಾಂಗಾ ಬಟ್ಟೆ ಉಟ್ಟು, ಪಿಲಿಯನ್ನೂ ಎಳೆದುಕೊಂಡು, ದಾಲಾದಾಲಾ ಎಂಬ ಬಾಡಿಗೆ ವ್ಯಾನು ಹತ್ತಿ ಪಟ್ಟಣಕ್ಕೆ ಹೋದರೆ ಝುವೇನಳ ಮುಖ ಬಾಡಿತ್ತು.

“ಉಂಗುರ ಹೋಯ್ತು ಬೀ ಮೀಝೆ. ಸ್ಪಂಜಿನೊಳಗಿದ್ದ ಸೂಕ್ಷ್ಮಾಣುಗಳನ್ನ ಒಂದೊಂದಾಗಿ ಬಿಡಿಸಿದ್ವಿ. ಕೆಲಸ ಮಾಡ್ತಿರೋದು ಯಾವುದು ಅಂತಾನೂ ಸುಳಿವು ಸಿಕ್ತು. ಆದ್ರೆ ಬೇರೆ ಮಾಡಿದ ಮೇಲೆ ಅದು ಏನೂ ಮಾಡ್ತಿಲ್ಲ. ಸಮುದ್ರದ ನೀರು ಕೊಟ್ವಿ, ಹೊಟ್ಟೆ ತುಂಬ ಊಟ ಹಾಕಿದ್ವಿ. ಸುಮ್ನೆ ಕೂತಿದೆ.”

ಪಿಲಿ ಬಾಯಿಗೆ ಸೆರಗು ಒತ್ತಿಕೊಂಡಳು. “ಹುಳದ ತಾಯೀ, ನಿನ್ನ ಮಗ ಸೋಮಾರಿ!”

“ಜೊತೆಗೆ ಯಾರಿದ್ದಾರೆ ಅವನಿಗೆ?” ಎಂದಳು ಮೀಝೆ.

“ಯಾರೂ ಇಲ್ಲ. ಬೆಳೆಸೋದು ಒಂದೇ ತಟ್ಟೇಲಿ, ಅದೊಂದನ್ನೇ.”

“ಯಾರೂ ಇಲ್ದಿದ್ರೆ ಯಾರ ಜೊತೆ ಜಗಳ ಆಡ್ಬೇಕು ಅದು? ಇವಳು ಪೆಂಬಾ ದ್ವೀಪಕ್ಕೆ ಹದಿನೈದು ದಿನ ಮದುವೆಗೆ ಹೋಗಿದ್ಲಲ್ಲ, ಆಗ ನನ್ನ ಬಾಯಿಂದ ಒಂದು ಬೈಗುಳ ಬಂದಿದ್ರೆ ಕೇಳು. ಬಂದ ಗಳಿಗೆಗೇ ಶುರುವಾಯ್ತು. ಪಿಲಿ ಹಗ್ಗದ ಆ ಬಿಳಿ ಕೊಳೆ ಇದೆಯಲ್ಲ, ಅದನ್ನ ತಂದು ಪಕ್ಕಕ್ಕೆ ಕೂರಿಸು.”

ಝುವೇನ ನಗಲು ಬಾಯಿ ತೆರೆದವಳು ಶೀತಪೆಟ್ಟಿಗೆಯತ್ತ ತಿರುಗಿದಳು. ಸೂಕ್ಷ್ಮಾಣುಗಳನ್ನು ಜೊತೆಯಾಗಿ ಬೆಳೆಸುವುದು ಅವಳಿಗೆ ಹೊಸ ವಿಚಾರವೇನಲ್ಲ. ಆದರೆ ಜೊತೆಗೆ ಯಾರನ್ನು ಎಂಬ ಪ್ರಶ್ನೆಗೆ ಉತ್ತರ ತನ್ನದೇ ಶೀತಪೆಟ್ಟಿಗೆಯಲ್ಲಿ, ಪಿಲಿಯ ಹೆಸರು ಬರೆದ ಡಬ್ಬಿಯಲ್ಲಿ ಕೂತಿದೆ ಎಂಬುದು ಹೊಳೆದಿರಲಿಲ್ಲ.

ಮೂರು ವಾರ ಕಳೆಯಿತು. ಮತ್ತೆ ಫೋನು, ಮತ್ತೆ ದಾಲಾದಾಲಾ. ಈ ಸಲ ಝುವೇನ ಬಾಗಿಲಲ್ಲೇ ಕಾಯುತ್ತಿದ್ದಳು. ಇಬ್ಬರಿಗೂ ಬಿಳಿ ಕೋಟು ತೊಡಿಸಿ ಒಳಗೆ ಕರೆದೊಯ್ದು, ಮುಚ್ಚಳ ಬಿಗಿದ ತಟ್ಟೆಯನ್ನು ಬೆಳಕಿಗೆ ಹಿಡಿದಳು. ಮಂಜು ಕವಿದಂಥ ತಟ್ಟೆ. ನಡುವೆ ಅಕ್ಕಪಕ್ಕ ಕೂತ ಎರಡು ಚುಕ್ಕಿ, ಒಂದು ಇಟ್ಟಿಗೆ ಬಣ್ಣದ್ದು, ಒಂದು ಬಿಳಿಯದು. ಅವುಗಳ ಸುತ್ತ ಹೆಬ್ಬೆರಳಗಲದ ನಿರ್ಮಲ ಉಂಗುರ.

“ಈ ಮಂಜೆಲ್ಲ ಏನು?”

“ಅದೇ ರೋಗಾಣು. ಸಿತಿಗೆ ಬಂದಿತ್ತಲ್ಲ, ಅದರದೇ ಜಾತಿ.”

ಮೀಝೆ ತಟ್ಟೆಯ ಹತ್ತಿರಕ್ಕೆ ಬಾಗಿದಳು. “ನೀನಾ? ಇಷ್ಟುದ್ದ ಇದ್ದೀಯ, ಐದು ವಾರ ನನ್ನ ಮಗಳನ್ನ ಮಲಗಿಸಿದೋನು ನೀನಾ? ಈಗ ಬಾ! ಬಾ ಹತ್ತಿರ!” ಬೈಯುತ್ತ ಬೈಯುತ್ತಲೇ ನಗು ಒಡೆಯಿತು. ಪಿಲಿ ನಕ್ಕಳು, ಝುವೇನ ನಕ್ಕಳು. ಮೀಝೆ ಬಿಳಿ ಕೋಟಿನಲ್ಲೇ ಸೊಂಟ ತಿರುಗಿಸಿ ಮದುವೆಮನೆಯ ಕುಣಿತ ಶುರುಮಾಡಿದಳು. ಕಾವಲುಗಾರ ಇಣುಕಿ ನೋಡಿ, ತಟ್ಟೆ ಒಡೆದೀತೆಂದು ಬೇಡಿಕೊಂಡು, ಕೊನೆಗೆ ತಾನೂ ಚಪ್ಪಾಳೆ ಹಾಕಿದ.

ಝುವೇನ ಸುಳ್ಳು ಆಸೆ ಕೊಡುವವಳಲ್ಲ. ಆ ಸೂಕ್ಷ್ಮಾಣು ಸ್ರವಿಸುವ, ರೋಗಾಣುಗಳನ್ನು ಕೊಲ್ಲುವ ವಸ್ತು ಈವರೆಗೆ ತಿಳಿದ ಯಾವ ಔಷಧದ ಹಾಗೂ ಇಲ್ಲವೆಂದು ಗೊತ್ತಾಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಇಲಿಗಳ ಮೇಲೆ ಪರೀಕ್ಷೆ ನಡೆಯುತ್ತಿದೆ. ಮಾತ್ರೆಯಾಗುವುದಕ್ಕೆ ಹತ್ತು ವರ್ಷವಾದರೂ ಬೇಕು, ಆಗದೆಯೂ ಹೋಗಬಹುದು.

“ಹತ್ತು ವರ್ಷಕ್ಕೆ ನಂಗೆ ಅರವತ್ತಮೂರು. ಹಟಕ್ಕಾದ್ರೂ ಬದುಕಿರ್ತೀನಿ” ಎಂದಳು ಮೀಝೆ.

ದಾಖಲೆಗೆ ಆ ಸೂಕ್ಷ್ಮಾಣುವಿಗೊಂದು ಹೆಸರು ಬೇಕಿತ್ತು. ಝುವೇನ ‘ಮೀಝೆ’ ಎಂದು ಬರೆಯಹೊರಟಾಗ ಪಿಲಿ ಪೆನ್ನು ಹಿಡಿದುಕೊಂಡಳು. “ನನ್ನ ಕೊಳೆ ಇಲ್ದೆ ಇವಳ ಹುಳ ಅಲ್ಲಾಡ್ತಿತ್ತಾ?” ಕೊನೆಗೆ ‘ಮೀಝೆಪಿಲಿ’ ಎಂದಾಯಿತು.

“ಪಿಲಿಮೀಝೆ ಅಂದ್ರೆ ಬಾಯಿಗೆ ಚೆನ್ನಾಗಿರ್ತಿತ್ತು” ಎಂದು ಊರಿಗೆ ಮರಳುವ ದಾಲಾದಾಲಾದಲ್ಲಿ ಪಿಲಿ ಜಗಳ ತೆಗೆದಳು.

“ಹುಳ ನಂದು, ಹೆಸರು ಮುಂದೆ.”

“ವಯಸ್ಸು ನಂದು ಜಾಸ್ತಿ!”

“ಕೊಳೆಯೋದ್ರಲ್ಲೂ ನೀನೇ ಮುಂದೆ!”

ಪ್ರಯಾಣಿಕರು ಎರಡು ಪಕ್ಷವಾದರು. ಚಾಲಕ ಪಿಲಿಯ ಕಡೆ, ಹಿಂದಿನ ಸೀಟಿನ ಬಂಗುಡೆ ಬುಟ್ಟಿಯ ಮುದುಕ ಮೀಝೆಯ ಕಡೆ. ಆ ಗದ್ದಲದಲ್ಲಿ ಇವರ ಊರು ಹಿಂದೆ ಸರಿದುಹೋದದ್ದು ಯಾರಿಗೂ ತಿಳಿಯಲಿಲ್ಲ. ಮುಂದಿನೂರಲ್ಲಿ ಇಳಿದು, ಸುಡುವ ಮರಳಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಇಬ್ಬರೂ ಕಡಲಂಚಿನಲ್ಲೇ ವಾಪಸು ನಡೆದರು. ನಡುನಡುವೆ ನಗಲು ಕೂತು, ಮತ್ತೆ ಎದ್ದು.