ಭೀಮಕ್ಕ ಕೆಂಬೂತದ ಬೆನ್ನುಹತ್ತಿದ ದಿನ

ಉಬ್ರಾಣಿಯ ಭೀಮಕ್ಕನಿಗೆ ಕಾಡೆಂದರೆ ಹಿತ್ತಲಿದ್ದಂತೆ. ಮೂವತ್ತು ವರ್ಷ ಸೀಗೆಕಾಯಿ, ಅಂಟುವಾಳ ಆರಿಸಿ ಬದುಕಿದ ಹೆಂಗಸು. ಕೂಗು ಕೇಳಿಯೇ ಹಕ್ಕಿ ಯಾವುದೆಂದು ಹೇಳುತ್ತಾಳೆ ಎಂದು ಊರೆಲ್ಲ ಹೆಸರು. ಆ ಹೆಸರು ಮಣ್ಣುಪಾಲಾದದ್ದು ಎಪ್ಪತ್ತೆಂಟನೇ ಇಸವಿಯ ಮಾಘದ ಒಂದು ಮಧ್ಯಾಹ್ನ.

ಅಂದು ಹೊಸ ಸೊಸೆ ಉಡಚಮ್ಮನನ್ನು ಮೊದಲ ಸಲ ಕರೆದೊಯ್ದಿದ್ದಳು. ಸೊಕ್ಕೆಯ ಬಯಲಲ್ಲಿ ಬೆಳೆದ, ಕಾಡು ಕಾಣದ ಹುಡುಗಿ. ಭೀಮಕ್ಕ ಹೇಳಿಕೊಟ್ಟಳು: "ಕಾಡಾಗೆ ಹೆಸರು ಹಿಡಿದು ಕರೀಬಾರದವ್ವಾ. ಯಾವುದರ ಕಿವಿಗಾದ್ರೂ ಬಿದ್ರೆ ಅದು ಬೆನ್ನು ಹತ್ತತೈತೆ. 'ಊಪ್' ಅಂದ್ರೆ ನಾನು. ನೀನೂ 'ಊಪ್' ಅನ್ನು."

ಜೊತೆಗಿದ್ದ ನೆರೆಮನೆಯ ಚೌಡಕ್ಕ ನಕ್ಕಳು: "ಮನ್ಯಾಗೂ ಹಂಗೇ ಕರಿ, ತಮ್ಮನ್ನೇ ಕರೀತಾರಂತ ಗುಡ್ಡದ ಮಂಗಗಳು ಬಂದು ಒಲೆ ಹಚ್ಚತಾವೆ!"

ಹೊತ್ತು ವಾಲುವಾಗ ನೋಡಿದರೆ ಸೊಸೆ ಇಲ್ಲ. ಸೀಗೆಮೆಳೆಯ ಹಿಂದೆ ಅವಳ ಚೀಲ ಮಾತ್ರ ಇತ್ತು. ಪಕ್ಕದ ಹುತ್ತವನ್ನು ಕರಡಿ ಬಗೆದಿತ್ತು; ಮಣ್ಣು ಇನ್ನೂ ಹಸಿ.

ಭೀಮಕ್ಕ ದನಿಯೆತ್ತಿ "ಊಪ್!" ಎಂದಳು. ಪಡುವಣ ಕಣಿವೆಯಿಂದ "ಊಪ್... ಊಪ್" ಎಂದು ಬಂತು. ಹೋದ ಜೀವ ಬಂದಂತಾಗಿ, ಚೌಡಕ್ಕನನ್ನು ಚೀಲದ ಹತ್ತಿರ ನಿಲ್ಲಿಸಿ ಇಳಿದಳು. ಮತ್ತೆ ಕೂಗಿದಳು; ದನಿ ಇನ್ನೂ ಆಚೆಯಿಂದ. ಮುಳ್ಳಿಗೆ ಸೆರಗು ಹರಿದುಕೊಂಡು ಎರಡು ಹಳ್ಳ ದಾಟಿದಳು.

ಮೂರನೆಯದರಲ್ಲಿ ನಿಂತು ಕಿವಿಗೊಟ್ಟಳು. ಊಪ್ ಊಪ್ ಊಪ್... ನಡುವೆ ಉಸಿರು ಎಳೆದುಕೊಳ್ಳದೆ, ಬರಬರುತ್ತ ದನಿ ತಗ್ಗುತ್ತ, ಲಯ ಬಿರುಸಾಗುತ್ತ. ಅದು ಮುಗಿಯುವ ಮೊದಲೇ ಇನ್ನೊಂದು ಪೊದೆಯಿಂದ ಅದೇ ರಾಗ. ಮನುಷ್ಯರು ಹೀಗೆ ಕೂಗುವುದಿಲ್ಲ. ತರಗೆಲೆ ಮೇಲೆ ಕಾಗೆಗಾತ್ರದ ಕರಿಹಕ್ಕಿ ನಡೆದುಬಂತು: ಇಟ್ಟಿಗೆ ಬಣ್ಣದ ರೆಕ್ಕೆ, ನೀಳ ಬಾಲ, ಕೆಂಡದಂಥ ಕಣ್ಣು. ಕೆಂಬೂತ! ಕಂಡರೆ ಒಳ್ಳೇದಾಗುತ್ತದೆಂದು ಅವಳೇ ಎಷ್ಟೋ ಸಲ ಕೈಮುಗಿದ ಹಕ್ಕಿ. ಇಂದು ಕೈ ಮೇಲೇಳಲಿಲ್ಲ. ಇಷ್ಟು ಹೊತ್ತೂ ಹುಡುಗಿಯಿಂದ ದೂರ ದೂರವೇ ಓಡಿಬಂದಿದ್ದಳು.

ಹೆಸರು ಕೂಗಲೇ? ಕರಡಿಗಿಂತ ಅದಕ್ಕೇ ಹೆಚ್ಚು ಹೆದರಿದಳು. ಕೊನೆಗೆ ಕಣ್ಣುಮುಚ್ಚಿ, ಹುಟ್ಟಿದಾಗಿನಿಂದ ಮಾಡದ ಕೆಲಸ ಮಾಡಿದಳು: "ಉಡಚೀ! ಲೇ ಉಡಚಮ್ಮಾ!"

ಮೂಡಣದಿಂದ ಅಳು ಕೇಳಿತು: "ಅತ್ತೇ... ಇಲ್ಲಿದೀನ್ರೀ!"

ಭೀಮಕ್ಕ ಅಳು ಬಂದ ದಿಕ್ಕಿಗೆ ಓಡಿದಳು; ಹುಡುಗಿ ಬಂಡೆಯ ಮೇಲೆ ಮುದುಡಿ ಕೂತಿದ್ದಳು. "ಊಪ್ ಅಂದಲ್ಲೆಲ್ಲ ನೀವೇ ಅಂತ ಓಡಿದ್ನ್ರೀ. ಕಡೀಗೆ ಕರಡಿ ಕಂಡ್ತು. ಆಮ್ಯಾಲೆ ಯಾವ ಊಪ್‌ಗೂ ಬಾಯಿ ಬಿಡ್ಲಿಲ್ಲ."

ಚೌಡಕ್ಕನನ್ನು ಕೂಡಿಕೊಂಡು ಮೂವರೂ ಊರು ಮುಟ್ಟುವವರೆಗೆ ಭೀಮಕ್ಕ ಸೊಸೆಯ ಕೈ ಬಿಡಲಿಲ್ಲ. ಯಾವುದೋ ತಾನು ಕೂಗಿದ ಹೆಸರು ಹಿಡಿದು ಹಿಂದೆ ಬರುತ್ತಿದೆಯೆಂದು ತಿರುಗಿ ತಿರುಗಿ ನೋಡಿದಳು. ತರಗೆಲೆಯ ಸದ್ದಷ್ಟೇ.

ಮುಂದೆ ಕಾಡಿಗೆ ಹೊರಟಾಗಲೆಲ್ಲ ಸೊಸೆಯ ಸೊಂಟಕ್ಕೆ ದನದ ಗಂಟೆ ಕಟ್ಟುತ್ತಿದ್ದಳು.

"ನಾನೇನು ಎಮ್ಮೇನಾ, ಅತ್ತೆ?"

"ಕೆಂಬೂತಕ್ಕೆ ಗಂಟೆ ಬಾರ್ಸಾಕೆ ಬರಲ್ಲ. ಸುಮ್ಕಿರು."