ಡ್ರೈವರ್ ಮರ್ಯಾದೆ ಕೊಟ್ಟ ದಿನ

ಎಂ.ಎಸ್ಸಿ. ಮುಗಿದ ವರ್ಷ ನನಗೆ ಸಿಕ್ಕ ಕೆಲಸ ಬಸ್ ಡ್ರೈವರ್‌ಗಳ ಸುಸ್ತು ಅಳೆಯುವುದು. ಸಂಶೋಧನೆ ನಡೆಸುತ್ತಿದ್ದ ನಮ್ಮ ಮೇಡಂ ಒಂದು ಪುಟ್ಟ ಯಂತ್ರ ಕೊಟ್ಟಿದ್ದರು. ಅದರಲ್ಲಿ ಕೆಂಪು ದೀಪ ಹತ್ತಿದ ಕೂಡಲೇ ಡ್ರೈವರ್ ಗುಂಡಿ ಒತ್ತಬೇಕು. ತಡವಾದಷ್ಟೂ ಸುಸ್ತು ಹೆಚ್ಚು ಎಂದರ್ಥ. ಹಳಬರಿಗೂ ಹೊಸಬರಿಗೂ ಏನು ವ್ಯತ್ಯಾಸ ಎಂದು ನಾನು ಬರೆದು ತರಬೇಕಿತ್ತು.

ಮೊದಲ ದಿನ ಮಧುಗಿರಿಯಿಂದ ಪಾವಗಡಕ್ಕೆ ಹೊಸ ಡ್ರೈವರ್ ಜೊತೆ ಹೋದೆ. ಅವನು ಸ್ಟೇರಿಂಗ್ ಹಿಡಿದು ಆರು ತಿಂಗಳಾಗಿತ್ತು. ಪಾವಗಡ ಬರುವಷ್ಟರಲ್ಲಿ ಅಂಗಿ ಪೂರ್ತಿ ಒದ್ದೆ. ದೀಪ ಹತ್ತುವ ಮೊದಲೇ ಗುಂಡಿ ಒತ್ತಿ, "ಬೇಗ ಒತ್ತಿದ್ದಕ್ಕೆ ಮಾರ್ಕ್ಸ್ ಜಾಸ್ತಿ ಅಲ್ವಾ ಸಾರ್?" ಎಂದ.

ಮರುದಿನ ಸಿಕ್ಕಿದವರು ಇಪ್ಪತ್ತೆಂಟು ವರ್ಷದಿಂದ ಅದೇ ರಸ್ತೆಯಲ್ಲಿ ಓಡಿಸುತ್ತಿದ್ದ ಹಿರಿಯರು. ಬೆಳಿಗ್ಗೆ ಹೊರಡುವಾಗ ಎಷ್ಟು ಚುರುಕಾಗಿ ಒತ್ತಿದರೋ ಮಧ್ಯಾಹ್ನ ಪಾವಗಡದಲ್ಲೂ ಅಷ್ಟೇ ಚುರುಕು. "ಸುಸ್ತಿಲ್ಲ" ಎಂದು ಬರೆದುಕೊಂಡೆ.

ವಾಪಸ್ ಬರುವಾಗ ದಾರಿಯಲ್ಲಿ ಒಬ್ಬಾಕೆ ಕುಕ್ಕೆ ಹೊತ್ತು ಹತ್ತಿ ಬಾಗಿಲಲ್ಲೇ ನಿಂತಳು. ಡ್ರೈವರ್ ತಿರುಗಿ, "ತಾಯಿ, ದಯವಿಟ್ಟು ಸ್ವಲ್ಪ ಒಳಗೆ ಬನ್ನಿ" ಎಂದರು.

ಬಸ್ಸಿನಲ್ಲಿ ಎಲ್ಲರ ಮಾತೂ ನಿಂತಿತು. ನನ್ನ ಪಕ್ಕದಲ್ಲಿ ಇದೇ ದಾರಿಯಲ್ಲಿ ದಿನಾ ಓಡಾಡುವ ವೈ.ಎನ್.ಹೊಸಕೋಟೆಯ ಒಬ್ಬ ಅಜ್ಜಿ ಕೂತಿದ್ದರು. ಅವರು ನನ್ನ ಮೊಣಕೈ ತಿವಿದು, "ಮರ್ವಾದೆ ಕೊಡ್ತಾವ್ನೆ ಕಣಪ್ಪ. ನಿದ್ದೆ ಬಂದದೆ" ಎಂದರು.

"ದಿನಾ ಹೇಗೆ ಮಾತಾಡ್ತಾರಜ್ಜಿ?"

"ದಿನಾ ಬೈತಾನೆ. ಬೈತಾ ಇರೋಗಂಟ ನಾವು ನೆಮ್ಮದಿಯಾಗಿ ಕಣ್ಮುಚ್ಕಂಡು ಕೂತಿರ್ತೀವಿ."

ಹಾಗಾದರೆ ಹೊಸ ಹುಡುಗ ಹೇಗೆ ಎಂದು ಕೇಳಿದೆ. ಅಜ್ಜಿ ಯೋಚಿಸಿದರು. "ಅವ್ನು ಇನ್ನೂ ಎಲ್ಲಾರ್ಗೂ ಮರ್ವಾದೆ ಕೊಡ್ತಾನೆ. ಸುಸ್ತಾದ್ರೆ ಹೆಂಗ್ ಗೊತ್ತಾಗ್ಬೇಕು?"

ಅಷ್ಟರಲ್ಲಿ ಹಿಂದಿನಿಂದ ಬಸ್ ನಿಲ್ಲಿಸಿ ಎಂಬ ಕೂಗು ಶುರುವಾಯಿತು. ಮಿಡಿಗೇಶಿಯಲ್ಲಿ ಜನ ಬಸ್ ನಿಲ್ಲಿಸಿಯೇ ಬಿಟ್ಟರು. ಟೈಮ್ ಆಗುತ್ತದೆ ಎಂದು ಡ್ರೈವರ್ ಮೆಲ್ಲಗೆ ಹೇಳಿದ್ದು ಜನರನ್ನು ಇನ್ನಷ್ಟು ಹೆದರಿಸಿತು. ಟೀ ಕುಡಿಸಿ, ಮುಖ ತೊಳೆಸಿ, ಅಂಗಡಿಯ ಬೆಂಚಿನ ಮೇಲೆ ಮಲಗಿಸಿದರು. ಡ್ರೈವರ್ ಕಾಲು ಗಂಟೆ ಗೊರಕೆ ಹೊಡೆದರು. ಕುಕ್ಕೆಯಾಕೆ ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಯಂತ್ರ ಹಿಡಿದು ಹತ್ತಿರ ಹೋಗಲು ನನಗೆ ನಾಚಿಕೆಯಾಯಿತು.

ಎದ್ದು ಬಂದ ಡ್ರೈವರ್ ಬಸ್ಸಿನ ಬಾಗಿಲಲ್ಲಿದ್ದ ನನ್ನನ್ನು ನೋಡಿದರು. "ಏನ್ಲಾ, ಲೈಟ್ ಕಂಬ ನೆಟ್ಟಂಗೆ ನಿಂತಿದ್ದೀಯ. ಅತ್ತಗೆ ಸರಿ."

ಜನ ನಿರಾಳವಾಗಿ ಹತ್ತಿದರು. ಬೈಸಿಕೊಂಡು ಅಷ್ಟು ಸಂತೋಷವಾಗಿದ್ದು ನನಗೆ ಅದೇ ಮೊದಲು.

ವರದಿಯಲ್ಲಿ 'ಬೈಗುಳ' ಎಂದು ಹೊಸ ಕಾಲಂ ಸೇರಿಸಿದೆ. ಮೇಡಂ ಕನ್ನಡಕ ಏರಿಸಿ, "ಇದನ್ನ ಯಾವುದರಲ್ಲಿ ಅಳೀತೀರಿ?" ಎಂದರು. ಕಾಲಂ ಹೊಡೆದುಹಾಕಿದರು. ಮುಂದಿನ ವಾರ ಶಿರಾ ಬಸ್ಸಿನ ಸರದಿ. ಯಂತ್ರ ತೆಗೆಯುವ ಮೊದಲು, ದಿನಾ ಓಡಾಡುವ ಒಬ್ಬ ಅಜ್ಜಿಯನ್ನು ಹುಡುಕಿ ಪಕ್ಕದಲ್ಲಿ ಕೂತೆ.